ಉತ್ತಾನಪಾದನ ಮೌನ

ಇಬ್ಬರು ಹೆಂಡಿರ ಸಂಸಾರಕ್ಕೆ ಸಂಬಂಧಪಟ್ಟ ಮಾತುಗಳಿಗೆ ನಮ್ಮ ಭಾಷೆಯಲ್ಲಿ ಬಡತನವಿಲ್ಲ. ಸವತಿ, ಮಲತಾಯಿ, ಕೂಡಿಕೆಯವಳು, ಇಟ್ಟುಕೊಂಡವಳು, ಹಿರಿಯಾಕೆ, ಕಿರಿಯಾಕೆ. ಮಕ್ಕಳಾದರೆ ಸವತಿ ಮಕ್ಕಳು. ಕೊಂಕಿಲ್ಲದ ಮಾತು ಇವುಗಳಲ್ಲಿ ಹುಡುಕಿದರೆ ಒಂದೋ ಎರಡೋ ಸಿಕ್ಕಾವು. ಆದರೆ ಇಬ್ಬರನ್ನು ಕಟ್ಟಿಕೊಂಡ ಗಂಡಸಿಗೆ ಏನೆನ್ನಬೇಕು? ಕನ್ನಡ ಪಾಠ ಹೇಳುತ್ತ ನನಗೆ ಇಪ್ಪತ್ತೆಂಟು ವರ್ಷ ಕಳೆದವು. ಅವನಿಗೆಂದೇ ಹುಟ್ಟಿದ ಒಂದು ಬೈಗುಳ ನನಗಿನ್ನೂ ಸಿಕ್ಕಿಲ್ಲ. 'ಇಬ್ಬರು ಹೆಂಡಿರ ಗಂಡ' ಎಂದು ನಗುತ್ತೇವೆ. ಆ ನಗೆಯಲ್ಲಿ ಕನಿಕರವಿದೆ, ಒಂದಿಷ್ಟು ಅಸೂಯೆಯೂ ಇದೆ, ಛೀಮಾರಿ ಮಾತ್ರ ಇಲ್ಲ. ನಾಟಕ ಕಂಪನಿಗಳ ಕಾಲದಿಂದ ಸಿನಿಮಾದವರೆಗೆ ಅವನದು ಹಾಸ್ಯದ ಪಾತ್ರ. ಅವಳದು ಗೋಳಿನ ಪಾತ್ರ, ಇಲ್ಲವೆ ಕೇಡಿನ ಪಾತ್ರ.

ಬರಿಯ ಮಾತಿನಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಬಹುದು. ಒಬ್ಬನಿಗೆ ಇಬ್ಬರು ಹೆಂಡಿರು ಇರುವುದು ತಪ್ಪು ಎಂದು ನಾವು ಒಪ್ಪಿಕೊಂಡು ಎಷ್ಟೋ ವರ್ಷಗಳಾದವು. ತಪ್ಪು ಎಂದಮೇಲೆ ಅದಕ್ಕೊಂದು ದಂಡ ಇರಲೇಬೇಕು. ಆ ದಂಡವನ್ನು ನಾವು ಯಾರಿಂದ ವಸೂಲು ಮಾಡುತ್ತಿದ್ದೇವೆ ಎಂಬುದನ್ನು ಮಾತ್ರ ಕೂತು ಲೆಕ್ಕ ಹಾಕಿದವರು ಕಡಿಮೆ. ಯಾರಿಗೆ ಹೆಸರಿಟ್ಟಿದ್ದೇವೋ ಅವರಿಂದಲೇ ವಸೂಲಾಗುತ್ತಿದೆ ಎಂಬುದು ನನ್ನ ಅನುಭವ.

ಮಳೆ ಹಿಡಿದು ಅರ್ಧ ತರಗತಿ ಖಾಲಿಯಿರುವ ದಿನಗಳಲ್ಲಿ ನಾನು ಮಕ್ಕಳಿಗೆ ಕತೆ ಹೇಳುವುದುಂಟು. ಧ್ರುವನ ಕತೆ ಹೇಳದ ಮೇಷ್ಟರು, ಅಕ್ಕೋರು ಯಾರಿದ್ದಾರೆ? ಉತ್ತಾನಪಾದ ರಾಜನಿಗೆ ಸುನೀತಿ, ಸುರುಚಿ ಎಂದು ಇಬ್ಬರು ಹೆಂಡಿರು. ಸುನೀತಿಯ ಮಗ ಧ್ರುವ ಅಪ್ಪನ ತೊಡೆ ಏರಲು ಹೋಗುತ್ತಾನೆ. ಸುರುಚಿ ಅವನನ್ನು ತಡೆದು, ಈ ತೊಡೆ ಬೇಕಿದ್ದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿ ಬರಬೇಕಿತ್ತು ಎನ್ನುತ್ತಾಳೆ. ಹುಡುಗ ಅಳುತ್ತ ಅವ್ವನ ಹತ್ತಿರ ಹೋಗುತ್ತಾನೆ, ಅಲ್ಲಿಂದ ಕಾಡಿಗೆ ಹೋಗುತ್ತಾನೆ, ತಪಸ್ಸು ಮಾಡುತ್ತಾನೆ, ಕೊನೆಗೆ ನಕ್ಷತ್ರವಾಗುತ್ತಾನೆ. ನಾವು ಇದನ್ನು ಛಲದ ಕತೆಯೆಂದು ಹೇಳುತ್ತೇವೆ. ಸುರುಚಿ ಕೆಟ್ಟವಳು, ಸುನೀತಿ ಪಾಪದವಳು, ಧ್ರುವ ಛಲಗಾರ ಎಂದು ಹಂಚಿಬಿಡುತ್ತೇವೆ. ಒಂದು ಸಲ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕೋರ್ರೀ, ಅರಸ ಯಾಕ ಸುಮ್ಮನ ಕುಂತಿದ್ದ?"

ಪ್ರಶ್ನೆ ಬಹಳ ಸರಳ. ತೊಡೆ ಅವನದು, ಸಿಂಹಾಸನ ಅವನದು, ಇಬ್ಬರು ಹೆಂಡಿರನ್ನು ತಂದವನೂ ಅವನೇ. ಒಂದು ಮಾತಿನಿಂದ ಮುಗಿಯಬೇಕಾದದ್ದು ಐದು ವರ್ಷದ ಮಗುವಿನ ತಪಸ್ಸಿನವರೆಗೆ ಬೆಳೆಯಿತು. ಆದರೂ ಕತೆ ಕೇಳಿದ ಯಾರೂ ಉತ್ತಾನಪಾದನ ಮೇಲೆ ಸಿಟ್ಟಾಗುವುದಿಲ್ಲ. ಇಂಥ ಸಂಸಾರಗಳ ಎದುರಿಗೆ ನಮ್ಮ ಊರು, ನಮ್ಮ ಆಫೀಸುಗಳು, ಎಷ್ಟೋ ಸಲ ನಮ್ಮ ಕೋರ್ಟುಗಳು ಕೂಡ ಕುಳಿತಿರುವುದು ಹೀಗೆಯೇ.

ನಮ್ಮ ಹಾವೇರಿ ಸೀಮೆಯಲ್ಲಿ ಎರಡನೇ ಮದುವೆ ಹೇಗೆ ಬರುತ್ತದೆ ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಎಲ್ಲವೂ ಕಾಮದ ಕತೆಗಳಲ್ಲ. ಮಕ್ಕಳಾಗಲಿಲ್ಲ, ಅಥವಾ ಬರೀ ಹೆಣ್ಣಾದವು ಎಂದು ಹಿರಿಯಾಕೆಯೇ ತನ್ನ ತಂಗಿಯನ್ನು ತಂದುಕೊಂಡ ಮನೆಗಳಿವೆ. ಹೊರಗಿನವಳು ಬಂದು ತನ್ನನ್ನು ಹೊರಗೆ ಹಾಕುವುದಕ್ಕಿಂತ ಒಡಹುಟ್ಟಿದವಳೇ ಇರಲಿ ಎಂಬ ಲೆಕ್ಕ ಅದು. ಹೊಲದ ಕೆಲಸಕ್ಕೆ ಕೈ ಸಾಲದೆಂದು ಆದವುಗಳಿವೆ. ವಿಧವೆಯಾದ ನೆಂಟರ ಹುಡುಗಿಗೆ ಆಸರೆ ಎಂದು ಹಿರಿಯರೇ ಕೂತು ಮಾಡಿದವುಗಳಿವೆ. ಮೊದಲ ಹೆಂಡತಿಗೆ ಹೇಳದೆ ದೂರದ ಗುಡಿಯಲ್ಲಿ ತಾಳಿ ಕಟ್ಟಿ ಬೇರೆ ಊರಲ್ಲಿ ಮನೆ ಮಾಡಿಟ್ಟವುಗಳೂ ಇವೆ. ಒಳಗಿನ ಬಾಳೂ ಒಂದೇ ಥರ ಅಲ್ಲ. ದೊಡ್ಡವ್ವ, ಸಣ್ಣವ್ವ ಎಂದು ಕರೆಯುತ್ತ ಇಬ್ಬರ ಕೈತುತ್ತನ್ನೂ ತಿಂದು ಬೆಳೆದ ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದಾರೆ. ಅಪ್ಪ ಯಾವ ಮನೆಯಲ್ಲಿ ಮಲಗಿದನೆಂದು ಅವ್ವ ರಾತ್ರಿಯೆಲ್ಲ ಅತ್ತಳೆಂದು ಲೆಕ್ಕ ಮಾಡದೆ ಬಂದ ಮಕ್ಕಳೂ ಕುಳಿತಿದ್ದಾರೆ.

ಇದು ಎಲ್ಲೋ ಒಂದು ಕೋಮಿನ ಚಾಳಿ ಎಂದು ಹೇಳುವವರು ಬಹಳ. ಅಂಕಿಗಳು ಹಾಗೆ ಹೇಳುವುದಿಲ್ಲ. 1961ರ ಜನಗಣತಿಯ ಕಾಲದ ಸಮೀಕ್ಷೆಯಲ್ಲಿ ಹಿಂದೂಗಳಲ್ಲೂ ಮುಸ್ಲಿಮರಲ್ಲೂ ಇಂಥ ಮದುವೆಗಳು ಹೆಚ್ಚುಕಡಿಮೆ ಸಮನಾಗಿಯೇ, ನೂರಕ್ಕೆ ಐದಾರರಂತೆ ಕಂಡುಬಂದವು. ಆಗ ಹಿಂದೂಗಳಿಗೆ ಅದು ಕಾನೂನಿನಲ್ಲಿ ನಿಷಿದ್ಧವಾಗಿ ಆರು ವರ್ಷವಾಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಇಡೀ ದೇಶದಲ್ಲಿ ನೂರಕ್ಕೆ 1.4ಕ್ಕೆ ಇಳಿದಿದೆ, ಹಿಂದೂಗಳಲ್ಲಿ 1.3, ಮುಸ್ಲಿಮರಲ್ಲಿ 1.9. ಶಾಲೆ, ದುಡಿಮೆ, ಬೆಳೆಯುತ್ತಿರುವ ಖರ್ಚು, ಹೆಣ್ಣುಮಕ್ಕಳ ಬಾಯಿಗೆ ಬಂದ ಮಾತು ಎಲ್ಲ ಸೇರಿ ಇದನ್ನು ಕರಗಿಸುತ್ತಿವೆ. ಆದರೂ ಮುಸ್ಲಿಂ ಮನೆಯ ಎರಡನೇ ಹೆಂಡತಿ ನಮಗೆ ಭಾಷಣದ ವಿಷಯ. ನಮ್ಮದೇ ಓಣಿಯ ಎರಡನೇ ಹೆಂಡತಿ ಪಿಸುಮಾತಿನ ವಿಷಯ. ಎರಡು ಕಡೆಯೂ ಆ ಹೆಂಗಸಿಗೆ ಏನು ಬೇಕು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇನ್ನು ಕಾನೂನಿನ ಮಾತು. ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಸೀಮೆಗೆ ದ್ವಿಪತ್ನಿತ್ವ ನಿಷೇಧ ಉಳಿದವರಿಗಿಂತ ಮೊದಲೇ, 1946ರಲ್ಲಿ ಬಂತು. ಮಂಗಳೂರು, ಬಳ್ಳಾರಿಗಳು ಮದರಾಸಿನಲ್ಲಿದ್ದವು. ಅಲ್ಲಿ 1949ರಲ್ಲಿ ಬಂತು. 1955ರ ಹಿಂದೂ ವಿವಾಹ ಕಾಯ್ದೆಯಿಂದ ದೇಶದ ಹಿಂದೂಗಳಿಗೆಲ್ಲ ಒಂದೇ ನಿಯಮವಾಯಿತು. ಮುಂಬೈ ಕಾಯ್ದೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದಾಗ, ಪರಲೋಕದ ಗತಿಗೆ ಮಗ ಬೇಕು, ಮಗನಿಗಾಗಿ ಎರಡನೆಯವಳು ಬೇಕು ಎಂಬ ವಾದವೂ ಬಂದಿತ್ತು. ದತ್ತು ತೆಗೆದುಕೊಳ್ಳುವ ದಾರಿಯಿದೆಯಲ್ಲ ಎಂದು ನ್ಯಾಯಾಧೀಶರು 1951ರಲ್ಲಿಯೇ ಹೇಳಿ ಕಾಯ್ದೆಯನ್ನು ಎತ್ತಿಹಿಡಿದರು. ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆಯಾದವನಿಗೆ ಏಳು ವರ್ಷದವರೆಗೆ ಸೆರೆವಾಸ ಎಂದು ಹಳೆಯ ದಂಡಸಂಹಿತೆಯ 494ನೇ ಕಲಮಿನಲ್ಲಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 82ನೆಯದಾಗಿ ಅದೇ ಮುಂದುವರಿದಿದೆ.

ಏಳು ವರ್ಷವೆಂದರೆ ಸಣ್ಣ ಶಿಕ್ಷೆಯಲ್ಲ. ಹಾಗಿದ್ದೂ ಇಬ್ಬರು ಹೆಂಡಿರಿರುವ ಕಾರಣಕ್ಕೆ ಜೈಲಿಗೆ ಹೋದವನನ್ನು ನಮ್ಮ ಸುತ್ತಿನ ಹತ್ತು ಹಳ್ಳಿಗಳಲ್ಲಿ ನಾನು ಕೇಳಿಲ್ಲ. ಅದಕ್ಕೆ ಕಾರಣ ಕಾನೂನಿನ ಒಳಗೇ ಇದೆ. ಇದರಲ್ಲಿ ಪೊಲೀಸರು ತಾವಾಗಿ ಕೈಹಾಕುವಂತಿಲ್ಲ. ನೊಂದ ಹೆಂಡತಿ, ಅಥವಾ ಅವಳ ಪರವಾಗಿ ಅವಳ ತವರಿನವರು ದೂರು ಕೊಡಬೇಕು. ಗಂಡನ ಮನೆಯಲ್ಲಿ ಉಣ್ಣುವವಳು ಗಂಡನ ಮೇಲೆ ದೂರು ಕೊಟ್ಟು ಸಂಜೆ ಯಾವ ಮನೆಗೆ ಹೋಗಬೇಕು? ಕೊಟ್ಟರೂ ಎರಡನೇ ಮದುವೆ ವಿಧಿಪೂರ್ವಕವಾಗಿ ನಡೆಯಿತೆಂದು ರುಜುವಾತಾಗಬೇಕು. 1965ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮದುವೆಗೆ ಅಗತ್ಯವಾದ ಶಾಸ್ತ್ರಗಳು ನಡೆದದ್ದು ರುಜುವಾತಾಗಿಲ್ಲ, ಆದ್ದರಿಂದ ಅದು ಮದುವೆಯೇ ಅಲ್ಲ, ಮದುವೆಯಲ್ಲದ ಮೇಲೆ ಅಪರಾಧವೂ ಇಲ್ಲ ಎಂದು ತೀರ್ಪಿತ್ತಿತು. ಇನ್ನು 1988ರಲ್ಲಿ, ಮತ್ತೆ ಮಹಾರಾಷ್ಟ್ರದ್ದೇ ಪ್ರಕರಣ, ಎರಡನೇ ಹೆಂಡತಿಯೊಬ್ಬಳು ಜೀವನಾಂಶ ಕೇಳಿಕೊಂಡು ಹೋದಳು. ಮೊದಲನೆಯವಳು ಇರುವಾಗ ಆದದ್ದು ಮದುವೆಯೇ ಅಲ್ಲ, ಆದ್ದರಿಂದ ನೀನು ಹೆಂಡತಿಯಲ್ಲ, ಜೀವನಾಂಶವೂ ಇಲ್ಲ ಎಂದಾಯಿತು.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಶಿಕ್ಷೆಯ ಹೊತ್ತಿಗೂ ಅದು ಮದುವೆಯಲ್ಲ, ಅನ್ನ ಕೊಡುವ ಹೊತ್ತಿಗೂ ಅದು ಮದುವೆಯಲ್ಲ. ಎರಡು ಕಡೆಯೂ ಪಾರಾದವನು ಒಬ್ಬನೇ. ನ್ಯಾಯಾಧೀಶರು ಕಾನೂನಿನ ಅಕ್ಷರಕ್ಕೆ ತಕ್ಕಂತೆ ನಡೆದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಹುಪತ್ನಿತ್ವವನ್ನು ತಡೆಯಲೆಂದು ಕಟ್ಟಿದ ಬೇಲಿ ಕೊನೆಗೆ ಗಂಡಸಿನ ಸುತ್ತ ಕಾವಲಿನಂತೆ ನಿಂತಿತು. ಮುಸ್ಲಿಮರ ವೈಯಕ್ತಿಕ ಕಾನೂನಿನಲ್ಲಿ ನಾಲ್ವರವರೆಗೆ ಅವಕಾಶವಿದೆ; ಅದು ಹೆಣ್ಣಿಗೆ ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆದರೂ ಅಲ್ಲಿ ಎರಡನೆಯವಳ ಮದುವೆ ಮದುವೆಯೇ ಆದ್ದರಿಂದ ಅವಳು ಹೊಟ್ಟೆಬಟ್ಟೆಗೆ ಕೇಳಬಹುದು. ನಿಷೇಧವಿರುವ ಕಡೆ ಎರಡನೆಯವಳಿಗೆ ಕೇಳುವ ಬಾಯಿಯೇ ಇಲ್ಲದಂತಾಯಿತು. ನಿಷೇಧ ತಪ್ಪೆಂದು ನಾನು ಹೇಳುತ್ತಿಲ್ಲ. ನಿಷೇಧಿಸಿದವರು ತಮ್ಮ ಕೆಲಸ ಅಲ್ಲಿಗೆ ಮುಗಿಯಿತೆಂದು ಕೈತೊಳೆದುಕೊಂಡರಲ್ಲ, ನನ್ನ ತಕರಾರು ಅದಕ್ಕೆ.

ಕೋರ್ಟಿನ ಮೆಟ್ಟಿಲು ಹತ್ತುವವರು ಎಷ್ಟು ಮಂದಿ? ಹೆಚ್ಚಿನವರಿಗೆ ಸರ್ಕಾರವೆಂದರೆ ಶಾಲೆ, ನಾಡಕಚೇರಿ, ರೇಷನ್ ಅಂಗಡಿ. ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬರುವ ಇಂಥ ತಾಯಿಯನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಉಳಿದವರು ಫಾರಂ ತುಂಬಿಸುವಾಗ ತಂದೆಯ ಹೆಸರನ್ನು ಮೊದಲು ಹೇಳುತ್ತಾರೆ. ಇವಳು ಮಗುವಿನ ಹೆಸರು, ಹುಟ್ಟಿದ ತಾರೀಖು ಎಲ್ಲ ಹೇಳಿ ಮುಗಿಸಿ ಆ ಸಾಲಿನ ಹತ್ತಿರ ಬಂದಾಗ ಸುತ್ತ ಯಾರಿದ್ದಾರೆಂದು ನೋಡುತ್ತಾಳೆ. ಗಂಡನ ಹೆಸರು ರೇಷನ್ ಕಾರ್ಡಿನಲ್ಲಿ ಆ ಮನೆಯಲ್ಲಿರುತ್ತದೆ. ತನಗೊಂದು ಕಾರ್ಡು ಬೇಕೆಂದರೆ ಗಂಡ ಬಿಟ್ಟುಹೋಗಿದ್ದಾನೆ ಎಂದು ಹೇಳಬೇಕು. ಹಣೆಯ ಮೇಲೆ ಕುಂಕುಮ, ಕೊರಳಲ್ಲಿ ತಾಳಿ, ಬಾಯಲ್ಲಿ ಮಾತ್ರ ಗಂಡ ಇಲ್ಲ ಎಂಬ ಮಾತು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದಾಯಿತು. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ. ಒಂದೇ ಒಲೆಯ ಮುಂದೆ ಇಬ್ಬರು ಕುಳಿತ ಮನೆಗಳಲ್ಲಿ ಯಜಮಾನಿ ಯಾರೆಂಬ ಪ್ರಶ್ನೆ ಎದ್ದಿತು. ಊರವರಿಗೆ ಅದೊಂದು ತಮಾಷೆಯಾಯಿತು. ಎರಡು ಸಾವಿರವೆಂದರೆ ತಿಂಗಳ ಎಣ್ಣೆ, ಬೇಳೆ, ಮಗಳ ಬಸ್ ಚಾರ್ಜು ಆಗುವ ಮನೆಯಲ್ಲಿ ಅದು ತಮಾಷೆಯಾಗಿರಲಿಲ್ಲ.

ನಮ್ಮ ಇಲಾಖೆಯದೇ ಒಂದು ಸಂಗತಿ ಹೇಳುತ್ತೇನೆ. ಸರ್ಕಾರಿ ನೌಕರ, ಅವನ ವೈಯಕ್ತಿಕ ಕಾನೂನು ಒಪ್ಪಿದರೂ ಸರಿಯೇ, ಹೆಂಡತಿ ಇರುವಾಗ ಸರ್ಕಾರದ ಅನುಮತಿಯಿಲ್ಲದೆ ಇನ್ನೊಂದು ಮದುವೆಯಾಗಕೂಡದು ಎಂದು ನಡತೆ ನಿಯಮಗಳಲ್ಲಿ ಸ್ಪಷ್ಟವಾಗಿದೆ. ನಾನು ಹಿಂದೊಮ್ಮೆ ವರ್ಗವಾಗಿ ಹೋದ ತಾಲ್ಲೂಕಿನಲ್ಲಿ, ನಾನು ಹೋಗುವುದಕ್ಕೆ ಸ್ವಲ್ಪ ಮೊದಲು, ಒಬ್ಬ ಶಿಕ್ಷಕರು ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಒಳ್ಳೆಯ ಮೇಷ್ಟರೆಂದು ಹೆಸರು. ಅವರಿಗೆ ಇನ್ನೊಂದು ಊರಲ್ಲಿ ಇನ್ನೊಂದು ಸಂಸಾರ ಇದ್ದದ್ದು ಮೇಲಿನವರಿಗೂ ಜೊತೆಯವರಿಗೂ ಗೊತ್ತಿತ್ತಂತೆ. ಇಪ್ಪತ್ತು ವರ್ಷ ಬಡ್ತಿ ನಿಲ್ಲಲಿಲ್ಲ, ಒಂದು ನೋಟೀಸು ಹೋಗಲಿಲ್ಲ. ಮೇಷ್ಟರು ಇರುವತನಕ ನಿಯಮ ಬೀರುವಿನಲ್ಲಿತ್ತು. ಅವರು ಸತ್ತ ಮೇಲೆ ಅದು ಹೊರಗೆ ಬಂತು, ಬಂದದ್ದು ಆ ಎರಡನೇ ಹೆಂಗಸಿನ ಮತ್ತು ಹತ್ತು ವರ್ಷದ ಅವಳ ಮಗನ ಎದುರಿಗೆ. 'ನಿಮ್ಮ ಹೆಸರು ಸೇವಾ ಪುಸ್ತಕದಲ್ಲಿ ಇಲ್ಲ, ನೀವು ಯಾರು' ಎಂದು ಕೇಳಲಾಯಿತು. ಇಪ್ಪತ್ತು ವರ್ಷದಲ್ಲಿ ಇಲಾಖೆ ಬಾಯಿಬಿಟ್ಟದ್ದು ಆ ಒಂದು ಸಲ.

ಕಾಗದಪತ್ರ ತುಂಬಿಸಿಕೊಡಲೆಂದು ನಾವಿಬ್ಬರು ಶಿಕ್ಷಕಿಯರು ಹಿರಿಯ ಹೆಂಡತಿಯ ಜೊತೆಗೆ ಹೋಗಿದ್ದೆವು. ಅವಳು ನಲವತ್ತೈದರ ಹೆಂಗಸು, ಓದು ನಾಲ್ಕನೇ ಇಯತ್ತೆ. ವಂಶವೃಕ್ಷದ ಕಾಗದ ಮಾಡಿಸಬೇಕಿತ್ತು. ಬೇರೆ ವಾರಸುದಾರರು ಇಲ್ಲವೆಂದು ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ಅಲ್ಲಿದ್ದವರೊಬ್ಬರು ಅವಳಿಗೆ ಒಳ್ಳೆಯದಕ್ಕೆಂದೇ ಹೇಳಿದರು. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆಕಿ ಮಾರಿ ನೋಡೂದು ನನಗ ಬ್ಯಾಡ್ರಿ ಅಕ್ಕೋರ. ನನ್ನ ಹೊಟ್ಯಾಗಿನ ಬೆಂಕಿ ನನಗ ಗೊತ್ತು. ಆದರ ಆ ಹುಡುಗನ ಮಾರಿ ಇವರದ ಐತಿ. ಅದನ್ನ ಇಲ್ಲ ಅಂತ ನಾ ಹೆಂಗ ಬರಕೊಡ್ಲಿ?" ಎಂದಳು. ಹಾಗೆ ಬರೆದುಕೊಡಲಿಲ್ಲ. ಅದರಿಂದ ಅವಳ ಕೆಲಸವೇ ಎಂಟು ತಿಂಗಳು ತಡವಾಯಿತು.

ಆಕೆ ಹೇಳಿದ್ದೂ ಸುಪ್ರೀಂ ಕೋರ್ಟು ಹೇಳಿದ್ದೂ ಒಂದೇ ಎಂದು ನನಗೆ ಆಮೇಲೆ ಓದಿ ತಿಳಿಯಿತು. ಬಿಹಾರದ ನೌಕರನೊಬ್ಬನ ಪ್ರಕರಣದಲ್ಲಿ 2000ನೇ ಇಸವಿಯಲ್ಲಿಯೇ ನ್ಯಾಯಾಲಯ, ಎರಡನೇ ಹೆಂಡತಿಗೆ ಕುಟುಂಬ ಪಿಂಚಣಿ ಇಲ್ಲ, ಆದರೆ ಅವಳ ಮಕ್ಕಳಿಗೆ ಪಾಲುಂಟು ಎಂದಿತ್ತು. ದೆಹಲಿಯಲ್ಲಿ ತೀರ್ಮಾನವಾದದ್ದು ನಮ್ಮ ತಾಲ್ಲೂಕಿನ ಮೇಜಿನವರೆಗೆ ಬರಲು ಎಷ್ಟು ವರ್ಷ ಬೇಕು ಎಂಬುದು ಬೇರೆ ಮಾತು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಹಗುರವಾದುದಲ್ಲ. ಎರಡನೆಯವಳಿಗೆ ಹಕ್ಕು ಕೊಟ್ಟರೆ ಅದು ಮೊದಲನೆಯವಳ ತಟ್ಟೆಯಿಂದಲೇ ಹೋಗುತ್ತದಲ್ಲವೆ? ಹೀಗೆ ಕೊಡುತ್ತ ಹೋದರೆ ಎರಡನೇ ಮದುವೆಗೆ ನಾವೇ ಅಕ್ಷತೆ ಹಾಕಿದಂತೆ ಆಗುವುದಿಲ್ಲವೆ? ನನ್ನ ಗೆಳತಿಯೊಬ್ಬಳು, ತಾನೇ ಇಂಥ ಮನೆಯ ಮೊದಲ ಹೆಂಡತಿ, ನನ್ನ ಮಾತು ಕೇಳಿ ಕೆಂಡವಾದಳು. 'ಆಕೆಗೆ ಗೊತ್ತಿತ್ತು, ಗೊತ್ತಿದ್ದೂ ಬಂದಳು' ಎಂದಳು. ಅವಳ ನೋವನ್ನು ಸಣ್ಣದು ಎನ್ನುವ ಅಧಿಕಾರ ನನಗಿಲ್ಲ.

'ಗೊತ್ತಿದ್ದೂ ಬಂದಳು' ಎಂಬ ಮಾತನ್ನು ಕಾನೂನು ಕೂಡ ಹಿಡಿದುಕೊಂಡಿದೆ. 2013ರಲ್ಲಿ ಸುಪ್ರೀಂ ಕೋರ್ಟು ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ, ಮೊದಲ ಮದುವೆಯನ್ನು ಮುಚ್ಚಿಟ್ಟು ಮೋಸದಿಂದ ಮದುವೆಯಾದವನು ಆಮೇಲೆ ಆ ಮೋಸವನ್ನೇ ನೆಪಮಾಡಿ ಜೀವನಾಂಶ ತಪ್ಪಿಸಿಕೊಳ್ಳುವಂತಿಲ್ಲ, ಅವಳನ್ನು ಹೆಂಡತಿಯೆಂದೇ ತಿಳಿಯಬೇಕು ಎಂದಿತು. ಇನ್ನೊಂದು ಬೆಂಗಳೂರಿನ ಪ್ರಕರಣ. ಅವನಿಗೆ ಹೆಂಡತಿಯಿದ್ದದ್ದು ತಿಳಿದೂ ವರ್ಷಗಟ್ಟಲೆ ಜೊತೆಗೆ ಬಾಳಿದವಳಿಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಆಸರೆ ಸಿಗದು ಎಂದಿತು. ಮೋಸಹೋದವಳಿಗೂ ತಿಳಿದು ಬಂದವಳಿಗೂ ವ್ಯತ್ಯಾಸ ಇರಬೇಕು, ಸರಿ. ಆದರೆ ತಿಳಿದಿರುವುದೂ ಆರಿಸಿಕೊಳ್ಳುವುದೂ ಒಂದೇ ಏನು? ನಾಲ್ಕು ಹೆಣ್ಣುಗಳ ಅಪ್ಪ ಮೂರನೆಯವಳನ್ನು ಇದ್ದವನ ಮನೆಗೆ ಎರಡನೆಯವಳಾಗಿ ಕೊಟ್ಟಾಗ ಅವಳಿಗೆ ಎಲ್ಲವೂ ತಿಳಿದಿರುತ್ತದೆ. 2021ರ ಮೇ ತಿಂಗಳಲ್ಲಿ ಕೋಲಾರ ಜಿಲ್ಲೆಯಲ್ಲಿ ಒಬ್ಬ ಒಂದೇ ಮುಹೂರ್ತದಲ್ಲಿ ಅಕ್ಕತಂಗಿಯರಿಬ್ಬರಿಗೆ ತಾಳಿ ಕಟ್ಟಿದ. ಅಕ್ಕನಿಗೆ ಮಾತು ಬಾರದು, ಕಿವಿ ಕೇಳದು, ಅವಳಿಗೆ ಬೇರೆ ಗಂಡು ಸಿಗಲಾರದು ಎಂದು ಮಾಡಿದ ಏರ್ಪಾಟು ಅದು. ಫೋನಿನಿಂದ ಫೋನಿಗೆ ಆ ದೃಶ್ಯ ಓಡಿತು. ಕೆಲವರು ಅವನದು ದೊಡ್ಡ ಮನಸ್ಸು ಎಂದರು, ಹಲವರು ನಕ್ಕರು. ಪೊಲೀಸರು ಬಂದರು, ಬಂದದ್ದು ತಂಗಿಗೆ ಹದಿನೆಂಟು ತುಂಬಿಲ್ಲವೆಂದು, ಬಾಲ್ಯವಿವಾಹದ ದೂರಿನ ಮೇಲೆ. ಬಂದದ್ದು ಒಳ್ಳೆಯದೇ. ಆದರೆ ಆ ಅಕ್ಕನಿಗೆ ಏನು ತಿಳಿದಿತ್ತು, ಏನು ಬೇಕಿತ್ತು ಎಂಬುದು ಆ ಗದ್ದಲದಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಹಾಗಾದರೆ ಸರ್ಕಾರ ಮೌನ ಬಿಟ್ಟು ಕೈಯಲ್ಲಿ ಕೋಲು ಹಿಡಿದರೆ ಸರಿಹೋಗುತ್ತದೆಯೆ? ಹಿಡಿದು ನೋಡಿದ ದೇಶವೊಂದಿದೆ. ಅಮೆರಿಕದ ಮಾರ್ಮನ್ ಪಂಥದ ಮುಖ್ಯ ಚರ್ಚು 1890ರಲ್ಲಿ ಬಹುಪತ್ನಿತ್ವವನ್ನು ಕೈಬಿಟ್ಟರೂ ಒಡೆದುಹೋದ ಕೆಲವು ಗುಂಪುಗಳು ಬಿಡಲಿಲ್ಲ. ಅರಿಜೋನಾ ರಾಜ್ಯದ ಗಡಿಯಲ್ಲಿದ್ದ ಶಾರ್ಟ್ ಕ್ರೀಕ್ ಎಂಬ ಅಂಥದೊಂದು ಹಳ್ಳಿಗೆ 1953ರ ಜುಲೈ 26ರ ನಸುಕಿನಲ್ಲಿ ಪೊಲೀಸರು ನುಗ್ಗಿದರು. ಗಂಡಸರನ್ನು ಹಿಡಿದರು, 263 ಮಕ್ಕಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಗಂಡಸರಿಗೆ ಆದ ಶಿಕ್ಷೆ ಜೈಲಿಲ್ಲದೆ ಹೆಸರಿಗೆ ಮುಗಿಯಿತು. ಕೆಲವು ತಾಯಂದಿರಿಗೆ ಮಕ್ಕಳು ಮರಳಿ ಸಿಗಲು ಎರಡು ವರ್ಷ ಹಿಡಿಯಿತು. ಪತ್ರಿಕೆಗಳಲ್ಲಿ ಆ ಮಕ್ಕಳ ಚಿತ್ರ ನೋಡಿದ ಜನ ಸರ್ಕಾರದ ಮೇಲೆಯೇ ತಿರುಗಿಬಿದ್ದರು; ದಾಳಿ ಮಾಡಿಸಿದ ಗವರ್ನರ್ ಮರುವರ್ಷದ ಚುನಾವಣೆಯಲ್ಲಿ ಸೋತ. ಆಮೇಲೆ ಎಷ್ಟೋ ವರ್ಷ ಯಾವ ಅಧಿಕಾರಿಯೂ ಅತ್ತ ತಲೆಹಾಕಲು ಹೆದರಿದ. ಆ ಹೆದರಿಕೆಯ ನೆರಳಿನಲ್ಲಿ ಅಂಥ ಗುಂಪುಗಳಲ್ಲಿ ಎಳೆಯ ಹುಡುಗಿಯರನ್ನು ಮುದುಕರಿಗೆ ಕಟ್ಟುವುದು ನಡೆದೇ ಇತ್ತು. 2008ರಲ್ಲಿ ಟೆಕ್ಸಾಸ್ ರಾಜ್ಯ ಮತ್ತೆ ಹಾಗೆಯೇ ದಾಳಿ ಮಾಡಿ 400ಕ್ಕೂ ಹೆಚ್ಚು ಮಕ್ಕಳನ್ನು ಒಯ್ದಿತು. ಮಕ್ಕಳೆಲ್ಲರಿಗೂ ಕೂಡಲೇ ಅಪಾಯವಿತ್ತೆಂದು ತೋರಿಸಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಎರಡೇ ತಿಂಗಳಲ್ಲಿ ಅವರನ್ನು ಮರಳಿಸಿತು. ಎಳೆಯ ಹುಡುಗಿಯರನ್ನು ಕೆಡಿಸಿದ ಗಂಡಸರ ಮೇಲೆ ಒಬ್ಬೊಬ್ಬರ ಹೆಸರಿನಲ್ಲಿ ಮೊಕದ್ದಮೆ ಹೂಡಿ ಸಾಕ್ಷಿ ಒದಗಿಸಿದಾಗ ಮಾತ್ರ ಶಿಕ್ಷೆಯಾಯಿತು. ಅವರ ಮುಖ್ಯಸ್ಥನಿಗೆ 2011ರಲ್ಲಿ ಜೀವಾವಧಿ ಬಿತ್ತು.

ನೋಡದಂತೆ ಕೂರುವುದೂ, ನೋಡಿದೊಡನೆ ಮನೆಯನ್ನೇ ಕಿತ್ತುಹಾಕುವುದೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ. ಎರಡರಲ್ಲೂ ಮಕ್ಕಳು ಅಳುತ್ತಾರೆ, ಅಪ್ಪ ಉಳಿದುಕೊಳ್ಳುತ್ತಾನೆ. ನಮ್ಮ ದೇಶದಲ್ಲೂ ಈಚೆಗೆ ಕೋಲಿನ ಮಾತು ಜೋರಾಗಿದೆ. ಉತ್ತರಾಖಂಡದಲ್ಲಿ 2025ರ ಜನವರಿಯಲ್ಲಿ ಸಮಾನ ಸಂಹಿತೆ ಜಾರಿಗೆ ಬಂತು. ಅದೇ ನವೆಂಬರಿನಲ್ಲಿ ಅಸ್ಸಾಂ ವಿಧಾನಸಭೆ ಬಹುಪತ್ನಿತ್ವಕ್ಕೆ ಏಳು ವರ್ಷದ ಸೆರೆಯ ಮಸೂದೆಯನ್ನು ಅಂಗೀಕರಿಸಿತು. ಹೆಣ್ಣಿನ ಮಾನ ಕಾಯುವ ಕಾನೂನು ಬೇಡವೆನ್ನಲು ನಾನು ಯಾರು? ಆದರೆ ಏಳು ವರ್ಷದ ಶಿಕ್ಷೆ ನಮ್ಮ ಪುಸ್ತಕದಲ್ಲಿ ಬಹಳ ಹಿಂದಿನಿಂದಲೂ ಇದೆ. ಅದು ಇದ್ದೂ ಏನಾಯಿತೆಂದು ಮೊದಲು ನೋಡಿಕೊಳ್ಳಬೇಕಲ್ಲವೆ?

ಸರಿಯಾದ ದಾರಿಯ ಸುಳಿವು ನಮ್ಮ ರಾಜ್ಯದ ಪ್ರಕರಣಗಳಲ್ಲಿಯೇ ಸಿಕ್ಕಿದೆ ಎನ್ನಲು ನನಗೆ ಹೆಮ್ಮೆ. ವಿದ್ಯುತ್ ನಿಗಮದ ನೌಕರನೊಬ್ಬ ಸತ್ತಾಗ, ಎರಡನೇ ಹೆಂಡತಿಯ ಮಗನೆಂಬ ಕಾರಣಕ್ಕೆ ಒಬ್ಬ ಹುಡುಗನಿಗೆ ಅನುಕಂಪದ ನೌಕರಿ ನಿರಾಕರಿಸಲಾಗಿತ್ತು. 2021ರಲ್ಲಿ ಕರ್ನಾಟಕ ಹೈಕೋರ್ಟಿನ ಪೀಠ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಆ ನಿರ್ಬಂಧವನ್ನು ಒಪ್ಪಲಿಲ್ಲ. ಅಕ್ರಮ ತಂದೆತಾಯಿ ಇರಬಹುದು, ಅಕ್ರಮ ಮಕ್ಕಳೆಂಬುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಇನ್ನೊಂದು ಆಸ್ತಿಯ ವ್ಯಾಜ್ಯ. ಅದೂ ನಮ್ಮ ಕರ್ನಾಟಕದಿಂದಲೇ ದೆಹಲಿಗೆ ಹೋದದ್ದು. ಇಂಥ ಮಕ್ಕಳು ಸಕ್ರಮ ಸಂತಾನವೆಂದು 1976ರ ತಿದ್ದುಪಡಿಯಲ್ಲಿಯೇ ಇದ್ದರೂ ಹಿರಿಯರ ಆಸ್ತಿಯಲ್ಲಿ ಅವರಿಗೆ ಏನಾದರೂ ಬರುತ್ತದೆಯೆ ಎಂಬ ಗೊಂದಲವಿತ್ತು. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು: ಕೂಡುಕುಟುಂಬದ ಆಸ್ತಿಯಲ್ಲಿ ಅಪ್ಪನಿಗೆ ಎಷ್ಟು ಪಾಲು ಬರುತ್ತದೋ ಅದರಲ್ಲಿ ಈ ಮಕ್ಕಳಿಗೂ ಭಾಗವುಂಟು, ಉಳಿದ ದಾಯಾದಿಗಳ ಪಾಲನ್ನು ಅವರು ಮುಟ್ಟುವಂತಿಲ್ಲ.

ನನ್ನ ಗೆಳತಿಯ ಸಿಟ್ಟಿಗೆ ಸ್ವಲ್ಪಮಟ್ಟಿನ ಉತ್ತರ ಇದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಲೆಕ್ಕವನ್ನು ಅಪ್ಪನ ಪಾಲಿನಿಂದ ತೀರಿಸಬೇಕು. ಮಾಡಿದ ಸಾಲ ಅವನದು; ಅವನ ಹೊಲ, ಅವನ ಸಂಬಳ, ಅವನ ದುಡಿಮೆಯಿಂದ ತೀರಲಿ. ಅವನು ಬದುಕಿರುವಾಗಲೇ ತೀರಲಿ, ಸತ್ತಮೇಲೆ ಇಬ್ಬರು ಹೆಂಗಸರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುವ ಪ್ರಸಂಗ ಬಾರದಿರಲಿ. ಹೀಗಾದರೂ ಮೊದಲ ಹೆಂಡತಿಯ ಮಕ್ಕಳಿಗೆ ಅಪ್ಪನಿಂದ ಬರುವುದು ಕಡಿಮೆಯಾಗಿಯೇ ಆಗುತ್ತದೆ, ಅವಳ ಮನಸ್ಸಿನ ಗಾಯವಂತೂ ಮಾಯುವುದಿಲ್ಲ. ಎಲ್ಲರಿಗೂ ಪೂರ್ತಿ ನ್ಯಾಯ ದೊರಕುವ ದಾರಿ ಇದರಲ್ಲಿ ಇದೆಯೆಂದು ನಾನು ನಂಬಿಲ್ಲ. ಒಬ್ಬನ ತಪ್ಪು ಹುಟ್ಟುವುದಕ್ಕೂ ಮೊದಲೇ ನಾಲ್ವರ ಮೇಲೆ ಹಂಚಿಹೋಗಿರುತ್ತದೆ, ಅದೇ ಈ ತಪ್ಪಿನ ಕ್ರೌರ್ಯ. ಆದ್ದರಿಂದಲೇ ಇದು ತಪ್ಪು ಎಂದು ಗಟ್ಟಿಯಾಗಿ ಹೇಳಬೇಕು, ಹೆಣ್ಣುಮಕ್ಕಳಿಗೆ ಹೇಳುವುದಕ್ಕಿಂತ ಗಂಡುಮಕ್ಕಳಿಗೆ ಹೆಚ್ಚು ಹೇಳಬೇಕು.

ಉಳಿದದ್ದು ಊರಿನ ಕೆಲಸ. ನಮ್ಮಲ್ಲಿ ಉಡಿ ತುಂಬುವಾಗ, ಆರತಿಗೆ ಕರೆಯುವಾಗ ಎರಡನೆಯವಳನ್ನು ಹಿಂದಕ್ಕೆ ಸರಿಸುತ್ತಾರೆ. ಮಗಳಿಗೆ ವರ ನೋಡಲು ಬಂದವರು ಅವ್ವ ಎಷ್ಟನೆಯವಳು ಎಂದು ಕೇಳಿ ಎದ್ದುಹೋಗುತ್ತಾರೆ. ಅದೇ ಗಂಡಸು ಜಾತ್ರೆಯ ಕಮಿಟಿಯಲ್ಲಿರುತ್ತಾನೆ, ಪಂಚಾಯತಿ ಕಟ್ಟೆಯ ಮೇಲೆ ಕುಳಿತು ಬೇರೆಯವರ ಸಂಸಾರದ ನ್ಯಾಯ ಹೇಳುತ್ತಾನೆ, ಜನ ತಲೆದೂಗುತ್ತಾರೆ. ಮೊಟ್ಟಮೊದಲು ಅವನನ್ನು ಆ ಕಟ್ಟೆಯಿಂದ ಇಳಿಸಲಿ. ಅದಕ್ಕೆ ಯಾವ ಕಾಯ್ದೆಯೂ ಬೇಡ, ದೆಹಲಿಯಿಂದ ಆದೇಶವೂ ಬೇಡ. ಶಾಲೆಯಲ್ಲಿ ಫಾರಂ ತುಂಬಿಸುವ ತಾಯಿಯ ಹತ್ತಿರ ತಂದೆಯ ಹೆಸರು ಕೇಳುವಾಗ ನಾಲ್ಕು ಜನರ ಮುಂದೆ ದನಿ ಎತ್ತದೆ ಕೇಳುವುದಕ್ಕೂ, ಅವಳು ಹೇಳಿದ ಹೆಸರನ್ನು ಮತ್ತೊಂದು ಪ್ರಶ್ನೆ ಹಾಕದೆ ಬರೆದುಕೊಳ್ಳುವುದಕ್ಕೂ ಖರ್ಚಿಲ್ಲ. ಮಗು ತಾನು ಯಾರ ಹೊಟ್ಟೆಯಲ್ಲಿ ಹುಟ್ಟಬೇಕೆಂದು ಅರ್ಜಿ ಹಾಕಿಕೊಂಡು ಬಂದಿರುವುದಿಲ್ಲ. ಅರ್ಜಿ ಬರೆಸಿಕೊಳ್ಳುವ ನಮಗೆ ಅಷ್ಟು ನೆನಪಿದ್ದರೆ ಸಾಕು.